ಕೌಂಟರಿಗೆ ಬಂದ ದೂರು ನಿಮ್ಮ ಮೇಜಿಗೂ ಬರಲಿ: ಔಷಧ ನಿಯಂತ್ರಣ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಔಷಧ ನಿಯಂತ್ರಣ ಅಧಿಕಾರಿಗಳಿಗೆ,
ಬೆಂಗಳೂರು.

ಮಾನ್ಯರೇ,

ನಾನು ಬಸವನಗುಡಿ ಕಡೆಯ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಈ ಪತ್ರವನ್ನು ನಿಮ್ಮ ಕಚೇರಿಗೆ ಮಾತ್ರ ಕಳಿಸಿ ಸುಮ್ಮನಿರಬಹುದಿತ್ತು. ಆದರೆ ಇದು ದಿನಾ ಮಾತ್ರೆ ತಗೊಳ್ಳುವವರಿಗೂ ಸೇರಿದ ವಿಷಯ, ನನ್ನ ಹಾಗೆ ಕೌಂಟರ್ ಹಿಂದೆ ನಿಂತವರಿಗೂ ಸೇರಿದ್ದು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಮಾತ್ರೆಯಿಂದ ತೊಂದರೆ ಆಯಿತು ಎಂದು ಜನ ಅಂಗಡಿಗೆ ಬಂದು ಹೇಳುತ್ತಾರಲ್ಲ, ಆ ಮಾತನ್ನು ಯಾರಾದರೂ ಬರೆದುಕೊಳ್ಳಬೇಕು. ಬರೆದದ್ದು ನಿಮಗೆ ತಲುಪಬೇಕು. ಹಾಗೆಯೇ ಒಂದು ಮಾತ್ರೆಯನ್ನು ನೀವು ಮಾರುಕಟ್ಟೆಯಿಂದ ವಾಪಸ್ ತರಿಸಿದರೆ, ಆ ಸುದ್ದಿ ಅದನ್ನು ನುಂಗುತ್ತಿರುವವರ ಮನೆಗೆ ಹೋಗಬೇಕು. ಈಗ ಈ ಎರಡೂ ಸರಿಯಾಗಿ ಆಗುತ್ತಿಲ್ಲ.

ಕೊಲೆಸ್ಟ್ರಾಲ್ ಮಾತ್ರೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೆಂಗಳೂರಿನಲ್ಲಿ ಬಿಪಿ, ಶುಗರ್ ಮಾತ್ರೆಗಳ ಜೊತೆ ಇದೂ ಇಲ್ಲದ ಮನೆಗಳು ಕಡಿಮೆ ಆಗುತ್ತಿವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲುಗಟ್ಟಿ ನಿಂತಿದ್ದರು. 2025ರಲ್ಲಿ ಹಾಸನದ ಕಡೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗಲೂ ಹಾಗೇ ಆಯಿತು. ತಪಾಸಣೆಗೆ ಹೋದವರಲ್ಲಿ ಎಷ್ಟೋ ಜನ ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಬರೆದ ಚೀಟಿ ಹಿಡಿದು ನಮ್ಮ ಅಂಗಡಿಗಳಿಗೆ ಬಂದರು. ಬಂದಿದ್ದು ಒಳ್ಳೆಯದೇ ಆಯಿತು.

ಇದನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಸ್ಟಾಟಿನ್ ಎಂದು ಕರೆಯುವ ಈ ಕೊಲೆಸ್ಟ್ರಾಲ್ ಮಾತ್ರೆಗಳು ಜೀವ ಉಳಿಸಿವೆ, ಉಳಿಸುತ್ತಿವೆ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಒಂದು ಬೂಷ್ಟಿನಲ್ಲಿ ಇಂಥ ಮೊದಲ ವಸ್ತುವನ್ನು ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟಾಟಿನ್ ಮಾರಾಟಕ್ಕೆ ಬಂತು. ಅಲ್ಲಿಂದ ಈಚೆಗೆ ಲಕ್ಷಾಂತರ ಜನರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಲೆಕ್ಕ ಒಂದು ಮಾತು ಹೇಳುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಸುಮಾರು 39 ಪಾಯಿಂಟ್ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಅಪಾಯ 5ರಲ್ಲಿ 1 ಪಾಲಿನಷ್ಟು ಕಡಿಮೆಯಾಗುತ್ತದೆ. ಈ ಪತ್ರ ಓದಿ ಯಾರೂ ನಾಳೆ ಬೆಳಿಗ್ಗೆ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳದೆ ನಿಲ್ಲಿಸುವುದು, ಒಮ್ಮೆ ಸ್ಟೆಂಟ್ ಹಾಕಿಸಿಕೊಂಡವರಿಗಂತೂ, ನಿಜಕ್ಕೂ ಅಪಾಯ.

ಆದರೆ ಇದೇ ಜಾತಿಯ ಒಂದು ಮಾತ್ರೆ ಜನರನ್ನು ಕೊಂದಿತು. ಅದರ ಹೆಸರು ಸೆರಿವಾಸ್ಟಾಟಿನ್. ಜರ್ಮನಿಯ ಬೇಯರ್ ಕಂಪನಿ 1997ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಬೇಕಾಲ್ ಎಂದು, ಯೂರೋಪಿನಲ್ಲಿ ಲಿಪೋಬೇ ಎಂದು ಅದನ್ನು ಮಾರಿದರು. ಬೇರೆ ಸ್ಟಾಟಿನ್‌ಗಳನ್ನು 10, 20, 40 ಮಿಲಿಗ್ರಾಂ ಕೊಡುತ್ತಿದ್ದ ಕಾಲ ಅದು. ಇದು ಒಂದು ಮಿಲಿಗ್ರಾಂ ಕೂಡ ಬೇಕಿಲ್ಲದ ಮಾತ್ರೆ. ಮೊದಲು 0.2, 0.3 ಮಿಲಿಗ್ರಾಂ ಬಂತು. ಆಮೇಲೆ 0.4 ಬಂತು. 2000ದಲ್ಲಿ ಅಮೆರಿಕದಲ್ಲಿ 0.8ಕ್ಕೂ ಒಪ್ಪಿಗೆ ಸಿಕ್ಕಿತು. ಅದರ ಮರುವರ್ಷ, 2001ರ ಆಗಸ್ಟ್ 8ರಂದು, ಕಂಪನಿ ಮಾತ್ರೆಯನ್ನು ವಾಪಸ್ ತಗೊಂಡಿತು. ಜಪಾನಿನಲ್ಲಿ ಮಾತ್ರ ಇನ್ನೂ ಕೆಲವು ದಿನ ಮಾರಾಟ ನಡೆದು, ಅದೇ ತಿಂಗಳು ಅಲ್ಲೂ ನಿಂತಿತು. ಆ ಹೊತ್ತಿಗೆ ಅಮೆರಿಕ ಒಂದರಲ್ಲೇ ಸುಮಾರು 7 ಲಕ್ಷ ಜನ ಅದನ್ನು ತಗೊಳ್ಳುತ್ತಿದ್ದರು. ಅಲ್ಲಿನ ಸರ್ಕಾರದ ಲೆಕ್ಕಕ್ಕೆ ಬಂದ ಸಾವುಗಳು 31. ಪ್ರಪಂಚದಾದ್ಯಂತ 52 ಎಂದು ಆಗ ಹೇಳಿದರು. ಮುಂದೆ ಆ ಸಂಖ್ಯೆ ಇನ್ನೂ ಏರಿತು.

ಹೇಗೆ ಸತ್ತರು ಎನ್ನುವುದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಸ್ಟಾಟಿನ್ ಕೆಲಸ ಮಾಡುವುದು ಲಿವರ್‌ನಲ್ಲಿ. ರಕ್ತದಲ್ಲಿ ಅದರ ಪ್ರಮಾಣ ಮಿತಿ ಮೀರಿದರೆ ಪೆಟ್ಟು ಬೀಳುವುದು ಮಾಂಸಖಂಡಕ್ಕೆ. ತೊಡೆ, ಮೀನಖಂಡ, ಸೊಂಟ, ಹೆಗಲು ನೋಯುತ್ತವೆ, ಶಕ್ತಿ ಇಳಿದುಹೋಗುತ್ತದೆ. ತೀರಾ ಹೆಚ್ಚಾದಾಗ ಮಾಂಸಖಂಡದ ಕಣಗಳೇ ಒಡೆದು ಒಳಗಿದ್ದದ್ದು ರಕ್ತಕ್ಕೆ ಸೇರುತ್ತದೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ಒಡೆದ ಕಣದಿಂದ ಬಂದ ಮಯೋಗ್ಲೋಬಿನ್ ಎಂಬ ವಸ್ತು ಕಿಡ್ನಿಯನ್ನು ಕೆಡಿಸುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆಗಲೂ ಆಸ್ಪತ್ರೆಗೆ ಹೋಗದಿದ್ದರೆ ಕಿಡ್ನಿ ನಿಲ್ಲಬಹುದು, ಪ್ರಾಣ ಹೋಗಬಹುದು. ಬೇಗ ಹಿಡಿದರೆ ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ ಹೆಚ್ಚಿನವರನ್ನು ಉಳಿಸಿಕೊಳ್ಳಬಹುದು. ಸಿಕೆ ಎಂಬ ಒಂದು ರಕ್ತಪರೀಕ್ಷೆ ಸಾಕು, ಮಾಂಸಖಂಡಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ.

ಅಮೆರಿಕದ ಆ 31 ಸಾವುಗಳಲ್ಲಿ 12 ಮಂದಿ ಜೊತೆಗೆ ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಕೊಬ್ಬಿನ ಮಾತ್ರೆ ತಗೊಳ್ಳುತ್ತಿದ್ದರು. ಸೆರಿವಾಸ್ಟಾಟಿನ್ ಲಿವರ್‌ನಲ್ಲಿ ಕರಗಿ ಹೊರಗೆ ಹೋಗುವ ದಾರಿಯನ್ನು ಜೆಮ್‌ಫೈಬ್ರೋಜಿಲ್ ಮುಚ್ಚಿಬಿಡುತ್ತದೆ. ಎರಡನ್ನೂ ಕೂಡಿಸಿ ಕೊಟ್ಟರೆ ರಕ್ತದಲ್ಲಿ ಸೆರಿವಾಸ್ಟಾಟಿನ್ 5 ಪಟ್ಟಿಗೂ ಜಾಸ್ತಿ ಏರುತ್ತದೆ ಎಂದು ಫಿನ್ಲೆಂಡಿನ ಸಂಶೋಧಕರು 2002ರಲ್ಲಿ ತೋರಿಸಿದರು. ಆಗ ಮಾತ್ರೆ ಮಾರುಕಟ್ಟೆಯಲ್ಲೇ ಇರಲಿಲ್ಲ. ಉಳಿದ ಸಾವುಗಳಲ್ಲಿ ಎಷ್ಟೋ ಮಂದಿ ಹೆಚ್ಚಿನ ಡೋಸ್‌ನಲ್ಲಿ ಇದ್ದವರು, ವಯಸ್ಸಾದವರು.

ಮಾನ್ಯರೇ, ನನಗೆ ನಿದ್ದೆ ಕೆಡಿಸುವ ಭಾಗ ಇನ್ನು ಮುಂದಿನದು. 2004ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಕೋರ್ಟ್ ಕೇಸಿನಲ್ಲಿ ಹೊರಬಂದ ಕಂಪನಿಯ ಒಳಗಿನ ಕಾಗದಗಳನ್ನು ಓದಿ ಬರೆದದ್ದು. ಮಾತ್ರೆ ಮಾರಾಟಕ್ಕೆ ಬಂದ ಸುಮಾರು 100 ದಿನಕ್ಕೇ ಜೆಮ್‌ಫೈಬ್ರೋಜಿಲ್ ಜೊತೆ ತೊಂದರೆ ಆದ ವರದಿಗಳು ಕಂಪನಿಗೆ ಬಂದಿದ್ದವು ಎಂದು ಅದು ಹೇಳುತ್ತದೆ. ಇವೆರಡನ್ನು ಜೊತೆಗೆ ಕೊಡಲೇಬಾರದು ಎಂಬ ಸೂಚನೆ ಲೇಬಲ್ ಮೇಲೆ ಬರಲು ಅಲ್ಲಿಂದ 18 ತಿಂಗಳಿಗೂ ಹೆಚ್ಚು ಬೇಕಾಯಿತು. ಸೂಚನೆ ಬಂದ ಮೇಲೂ ಡಾಕ್ಟರುಗಳು ಎರಡನ್ನೂ ಬರೆಯುವುದು ನಿಲ್ಲಲಿಲ್ಲ. ಸುಮಾರು 3 ಸಾವಿರ ಕೇಸುಗಳಲ್ಲಿ ಕಂಪನಿ 100 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪು ತನ್ನದು ಎಂದು ಮಾತ್ರ ಒಪ್ಪಲಿಲ್ಲ. ಟೆಕ್ಸಸ್‌ನಲ್ಲಿ 2003ರಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಜ್ಯೂರಿ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು, ಅದನ್ನೂ ಹೇಳಬೇಕು. ನಾನು ಯಾವ ಕಂಪನಿಯ ಮೇಲೂ ಕೇಸು ಹಾಕಲು ಹೊರಟಿಲ್ಲ. ನನ್ನ ಕಣ್ಣು ಇರುವುದು ಆ 18 ತಿಂಗಳ ಮೇಲೆ.

ಇನ್ನೊಂದು ಲೆಕ್ಕ ನೋಡಿ. ಸೆರಿವಾಸ್ಟಾಟಿನ್ ಬರೆದ 10 ಲಕ್ಷ ಚೀಟಿಗೆ ಹೀಗೆ ಮಾಂಸಖಂಡ ಒಡೆದು ಆದ ಸಾವು 3.16 ಎಂದು 2002ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಅದೇ ಲೆಕ್ಕದಲ್ಲಿ ಸಿಮ್ವಾಸ್ಟಾಟಿನ್‌ಗೆ 0.12, ಅಟೋರ್ವಾಸ್ಟಾಟಿನ್‌ಗೆ 0.04. ಅಂದರೆ ಇವತ್ತು ನಮ್ಮ ಮನೆಗಳಲ್ಲಿರುವ ಅಟೋರ್ವಾಸ್ಟಾಟಿನ್‌ಗೂ ಅದಕ್ಕೂ ಅಜಗಜಾಂತರ. ಆದರೆ ಅಷ್ಟು ಕೆಟ್ಟ ಮಾತ್ರೆಯಲ್ಲೂ ಸಾವು 3 ಲಕ್ಷ ಚೀಟಿಗೆ ಒಂದು. ಮಾರಾಟಕ್ಕೆ ಬಿಡುವ ಮುಂಚೆ ಒಂದು ಔಷಧವನ್ನು ಕೆಲವು ಸಾವಿರ ಜನರ ಮೇಲೆ ಪರೀಕ್ಷೆ ಮಾಡುತ್ತಾರೆ. ಅವರನ್ನೂ ಆರಿಸಿ ತಗೊಂಡಿರುತ್ತಾರೆ. ಬೇರೆ ಮಾತ್ರೆ ಜಾಸ್ತಿ ಇರುವವರು, ಕಿಡ್ನಿ ಸರಿ ಇಲ್ಲದವರು, ತೀರಾ ವಯಸ್ಸಾದವರು ಅದರಲ್ಲಿ ಕಡಿಮೆ. ಅಂಥ ಪರೀಕ್ಷೆಯನ್ನು ಎಷ್ಟೇ ಪ್ರಾಮಾಣಿಕವಾಗಿ ಮಾಡಿದರೂ 3 ಲಕ್ಷಕ್ಕೆ ಒಂದು ಆಗುವ ಸಾವು ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಮಾತ್ರೆ ಊರೆಲ್ಲ ಹರಡಿದ ಮೇಲೆ. ಅದೂ ಯಾರೋ ಒಬ್ಬ ಡಾಕ್ಟರು, ನರ್ಸು, ಫಾರ್ಮಸಿಸ್ಟು, ಇಲ್ಲ ರೋಗಿಯ ಮಗಳು ಕೂತು ಬರೆದು ಕಳಿಸಿದರೆ ಮಾತ್ರ. ಸೆರಿವಾಸ್ಟಾಟಿನ್ ಸಿಕ್ಕಿಬಿದ್ದದ್ದು ಹಾಗೆಯೇ, ಬರೆದು ಕಳಿಸಿದ ವರದಿಗಳಿಂದ.

ಹಾಗಾದರೆ ಬೆಂಗಳೂರಿನಲ್ಲಿ ಯಾರು ಬರೆಯುತ್ತಿದ್ದಾರೆ?

ನಮ್ಮ ಕೌಂಟರಿಗೆ ಬರುವ ಮಾತುಗಳನ್ನು ಹಾಗೇ ಹೇಳುತ್ತೇನೆ. "ಮೇಡಂ, ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದಾಗಿಂದ ಕಾಲು ಸೆಳೀತಾ ಇದೆ." "ಮೆಟ್ಟಿಲು ಹತ್ತೋಕೆ ಆಗ್ತಿಲ್ಲ, ವಯಸ್ಸಾಯ್ತು ಅನ್ಸುತ್ತೆ." "ನೋವಿಗೆ ಏನಾದ್ರೂ ಕೊಡಿ." ಈ ಮೂರನೆಯದೇ ಜಾಸ್ತಿ. ಹೇಳಿದವರಿಗೆ ಒಂದು ನೋವಿನ ಮಾತ್ರೆ ಸಿಗುತ್ತದೆ, ಅವರು ಹೋಗುತ್ತಾರೆ, ಆ ಮಾತು ಅಲ್ಲಿಗೇ ಮುಗಿಯುತ್ತದೆ. ಡಾಕ್ಟರ ಹತ್ತಿರ ಹೋದರೂ ಹೆಚ್ಚಿನ ಸಲ ಅಷ್ಟೇ. ಮಾತ್ರೆ ಬದಲಾಯಿಸಿ ಕೊಡುತ್ತಾರೆ, ರೋಗಿ ಹುಷಾರಾಗುತ್ತಾರೆ, ಬರೆದಿಡುವವರು ಯಾರೂ ಇಲ್ಲ. ಹೊರಗೆ ಇನ್ನೂ ಹತ್ತು ಜನ ಟೋಕನ್ ಹಿಡಿದು ಕೂತಿರುವಾಗ ಡಾಕ್ಟರುಗಳನ್ನು ನಾನು ದೂರುವುದಿಲ್ಲ.

ಕಾಲು ಸೆಳೆತ ಎಂದವರೆಲ್ಲರಿಗೂ ಮಾತ್ರೆಯಿಂದಲೇ ಆಯಿತು ಎಂದೂ ನಾನು ಹೇಳುವುದಿಲ್ಲ. 2020ರಲ್ಲಿ ಲಂಡನ್ನಿನ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ತೊಂದರೆ ಆಗುತ್ತದೆ ಎಂದು ಸ್ಟಾಟಿನ್ ಬಿಟ್ಟವರಿಗೆ ಒಂದು ತಿಂಗಳು ನಿಜವಾದ ಮಾತ್ರೆ, ಒಂದು ತಿಂಗಳು ಔಷಧವೇ ಇಲ್ಲದ ಖಾಲಿ ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ತಿರುಗಿಸಿ ಕೊಟ್ಟರು. ನಿಜವಾದ ಮಾತ್ರೆಯಿಂದ ಆದ ತೊಂದರೆಯ ನೂರರಲ್ಲಿ ಸುಮಾರು 90 ಭಾಗ ಖಾಲಿ ಮಾತ್ರೆಯಿಂದಲೂ ಆಯಿತು. ಅಂದರೆ ಬರುವ ದೂರುಗಳಲ್ಲಿ ಬಹಳಷ್ಟು ಬೇರೆ ಕಾರಣದವು. ಅದಕ್ಕೇ ತಾನೇ ಎಲ್ಲವನ್ನೂ ಒಂದು ಕಡೆ ಸೇರಿಸಿ, ತಿಳಿದವರು ಕೂತು ಸೋಸಬೇಕು? ಕೌಂಟರಿನಲ್ಲಿ ನಿಂತು ನಾನು ಒಬ್ಬಳೇ "ಇದು ನಿಜ, ಇದು ಸುಳ್ಳು" ಅನ್ನಲು ಬರುವುದಿಲ್ಲ.

ನಮ್ಮ ಊರಿನಲ್ಲಿ ಸ್ಟಾಟಿನ್ ಜೊತೆ ಅಪಾಯ ತರುವ ಔಷಧ ಎಂದರೆ ನನಗೆ ಮೊದಲು ನೆನಪಾಗುವುದು ಜೆಮ್‌ಫೈಬ್ರೋಜಿಲ್ ಅಲ್ಲ. ಅದನ್ನು ಈಗ ಬರೆಯುವವರೇ ಕಡಿಮೆ. ಈಚೆಗೆ ಸ್ಟಾಟಿನ್ ಜೊತೆ ಬರುವುದು ಫೀನೋಫೈಬ್ರೇಟ್, ಅದಕ್ಕೆ ಆ ಮಟ್ಟದ ದೋಷ ಇಲ್ಲ. ನನಗೆ ಭಯ ಇರುವುದು ಇಟ್ರಾಕೊನಜೋಲ್ ಬಗ್ಗೆ. ಹುಳುಕಡ್ಡಿಗೆ ಕೊಡುವ ಕ್ಯಾಪ್ಸೂಲ್ ಅದು. ಈ ಊರಿನ ಸೆಕೆಗೆ, ಬಿಗಿ ಪ್ಯಾಂಟಿಗೆ, ದಿನವಿಡೀ ಹೆಲ್ಮೆಟ್ ಹಾಕಿ ಗಾಡಿ ಓಡಿಸುವ ಕೆಲಸಕ್ಕೆ ಹುಳುಕಡ್ಡಿ ಬರುವುದು ಸಾಮಾನ್ಯ. ಅದಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ನೆಂಟರು ಹೇಳಿದರು ಎಂದು ಕ್ಯಾಪ್ಸೂಲ್ ಕೇಳಿ ತಗೊಂಡು ಹೋಗುವವರೇ ಜಾಸ್ತಿ. ಸಿಮ್ವಾಸ್ಟಾಟಿನ್ ತಗೊಳ್ಳುವವರು ಇಟ್ರಾಕೊನಜೋಲ್ ಮುಟ್ಟಲೇಬಾರದು. ಅಟೋರ್ವಾಸ್ಟಾಟಿನ್ ಇರುವವರಿಗೂ ಅದು ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರಿಸುತ್ತದೆ. ಗಂಟಲು, ಎದೆ ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಕೂಡ ಹಾಗೆಯೇ. ಹೃದಯದ ಡಾಕ್ಟರು ಬರೆದದ್ದು ಒಂದು ಚೀಟಿಯಲ್ಲಿ, ಚರ್ಮಕ್ಕೆ ತಗೊಂಡದ್ದು ಚೀಟಿಯೇ ಇಲ್ಲದೆ. ಎರಡನ್ನೂ ಒಟ್ಟಿಗೆ ನೋಡಬಲ್ಲವರು ಯಾರಾದರೂ ಇದ್ದರೆ ಅದು ಕೌಂಟರಿನಲ್ಲಿರುವವರು, ಅದೂ ಎರಡನ್ನೂ ಒಂದೇ ಅಂಗಡಿಯಲ್ಲಿ ತಗೊಂಡರೆ.

ಇಂಥದ್ದೇ ಒಂದು ಪ್ರಕರಣ ನಮ್ಮ ಅಂಗಡಿಗೆ ಬಂತು. ಯಾರು ಎಂದು ಗೊತ್ತಾಗದ ಹಾಗೆ ಹೇಳುತ್ತೇನೆ. ವಯಸ್ಸಾದ ಗಂಡಸು, ವರ್ಷಗಳಿಂದ ಸ್ಟಾಟಿನ್ ಮೇಲೆ ಇದ್ದವರು, ಏನೂ ತೊಂದರೆ ಇರಲಿಲ್ಲ. ಅವರ ಹೆಂಡತಿ ಬಂದು ನೋವಿನ ಮುಲಾಮು ಕೇಳಿದರು. "ತೊಡೆ ಎರಡೂ ಹಿಡ್ಕೊಂಡಿದೆ, ಕೂತರೆ ಏಳೋಕೆ ಆಗ್ತಿಲ್ಲ" ಅಂದರು. ಹೊಸದಾಗಿ ಏನಾದರೂ ತಗೊಂಡರಾ ಎಂದು ಕೇಳಿದೆ. ಹುಳುಕಡ್ಡಿಗೆ ಬೇರೆ ಕಡೆಯಿಂದ ಕ್ಯಾಪ್ಸೂಲ್ ತಂದಿದ್ದರಂತೆ. ಮೂತ್ರದ ಬಣ್ಣ ಕೇಳಿದೆ. ಕಪ್ಪಗೆ ಹೋಗ್ತಿದೆ ಅಂದರು. ಮುಲಾಮು ಕೊಡಲಿಲ್ಲ, ಆಟೋ ಹಿಡಿದು ಈಗಲೇ ಆಸ್ಪತ್ರೆಗೆ ಹೋಗಿ ಅಂದೆ. ಸಿಕೆ ವಿಪರೀತ ಏರಿತ್ತು. ಸದ್ಯ, ಕಿಡ್ನಿ ಉಳಿಯಿತು, ಮನೆಗೆ ಬಂದರು.

ಆಮೇಲೆ ನಾನು ವರದಿ ಬರೆಯಲು ಕೂತೆ. ಕ್ಯಾಪ್ಸೂಲ್ ಯಾವ ಕಂಪನಿಯದ್ದು? ಬ್ಯಾಚ್ ನಂಬರ್ ಏನು? ಮನೆಯಲ್ಲಿ ಉಳಿದದ್ದು ಕತ್ತರಿಸಿ ಕೊಟ್ಟ ಒಂದು ಸ್ಟ್ರಿಪ್ ತುಂಡು. ಹೆಸರಿನ ಅರ್ಧ ಇತ್ತು, ಬ್ಯಾಚ್ ನಂಬರ್ ಇದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಬಿಲ್ ಕೊಟ್ಟಿರಲಿಲ್ಲ. ಕೊಟ್ಟ ಅಂಗಡಿಯವರನ್ನು ಕೇಳಿದರೆ ಅಂಥದ್ದು ಕೊಟ್ಟೇ ಇಲ್ಲ ಅಂದರು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಕ್ಯಾಪ್ಸೂಲ್ ಹೆಸರೇ ಇರಲಿಲ್ಲ, ಸ್ಟಾಟಿನ್ ನಿಲ್ಲಿಸಿ ಎಂದು ಮಾತ್ರ ಬರೆದಿತ್ತು. ವರದಿ ಕಳಿಸಿದೆ, ಆದರೆ ಖಾಲಿ ಬಿಟ್ಟ ಜಾಗಗಳೊಂದಿಗೆ. ಆ ಖಾಲಿ ಜಾಗಗಳಿಗಾಗಿಯೇ ಈ ಪತ್ರ.

ನಮ್ಮ ದೇಶದಲ್ಲಿ ವ್ಯವಸ್ಥೆ ಇಲ್ಲ ಅಂತ ಅಲ್ಲ. 2010ರ ಜುಲೈನಿಂದ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ, ಅಂದರೆ ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಕಾರ್ಯಕ್ರಮ ಇದೆ. 2011ರಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತಿದೆ. 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ಮೆಡಿಕಲ್ ಕಾಲೇಜುಗಳಲ್ಲಿ ವರದಿ ತಗೊಳ್ಳುವ ಕೇಂದ್ರಗಳಿವೆ. ರೋಗಿಗಳೇ ತುಂಬಿಸಬಹುದಾದ ಫಾರ್ಮ್ ಕನ್ನಡದಲ್ಲೂ ಇದೆ. ನಾಲ್ಕು ವಿಷಯ ಇದ್ದರೆ ವರದಿ ಲೆಕ್ಕಕ್ಕೆ ಬರುತ್ತದೆ: ಯಾರಿಗೆ ಆಯಿತು, ಏನಾಯಿತು, ಯಾವ ಔಷಧದ ಮೇಲೆ ಅನುಮಾನ, ಹೇಳುತ್ತಿರುವವರು ಯಾರು. ಹೆಸರು ಗುಟ್ಟಾಗಿರುತ್ತದೆ. ಮಾತ್ರೆಯಿಂದಲೇ ಆಯಿತು ಎಂದು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಇಲ್ಲಿಂದ ಹೋದ ವರದಿ ಸ್ವೀಡನ್ನಿನ ಉಪ್ಸಾಲಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೂ ಸೇರುತ್ತದೆ. ಬಸವನಗುಡಿಯ ಒಬ್ಬರ ತೊಡೆನೋವು ಬ್ರೆಜಿಲ್ಲಿನ ಒಬ್ಬರ ತೊಡೆನೋವಿನ ಪಕ್ಕ ಕೂತು, ಎರಡೂ ಸೇರಿ ಒಂದು ಸುಳಿವು ಆಗಬಹುದು. ಎಂಥ ಒಳ್ಳೆಯ ಏರ್ಪಾಡು, ಅಲ್ವಾ? ಆದರೆ ಈ ನಂಬರ್ ಗೊತ್ತಾ ಎಂದು ನಮ್ಮ ಗಿರಾಕಿಗಳನ್ನು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಅಡ್ಡಪರಿಣಾಮ ತಿಳಿಸಲು ಕ್ಯೂಆರ್ ಕೋಡ್ ಇರುವ ಸೂಚನೆಯನ್ನು ಮೆಡಿಕಲ್ ಸ್ಟೋರ್‌ಗಳಲ್ಲಿ ಹಾಕಿಸಿ ಎಂದು ಕೇಂದ್ರವು 2025ರಲ್ಲಿ ರಾಜ್ಯಗಳಿಗೆ ಹೇಳಿದೆ. ನಾನು ಓಡಾಡುವ ಗಾಂಧಿಬಜಾರ್, ಹನುಮಂತನಗರದ ಕಡೆ ಅದನ್ನು ಹುಡುಕಿ ನೋಡಬೇಕಾದ ಸ್ಥಿತಿ ಇದೆ.

ಇನ್ನು ವಾಪಸ್ ತರಿಸುವ ವಿಷಯ. ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಅದರ ಕಂಪನಿ 2004ರ ಸೆಪ್ಟೆಂಬರ್ 30ರಂದು ಹಿಂದಕ್ಕೆ ತಗೊಂಡಿತು, ಭಾರತದಲ್ಲಿ ನಿಷೇಧ ಬಂದದ್ದು ಡಿಸೆಂಬರಿನಲ್ಲಿ. ರೋಸಿಗ್ಲಿಟಜೋನ್ ಎಂಬ ಶುಗರ್ ಮಾತ್ರೆ 2010ರಲ್ಲಿ ಹೋಯಿತು. ತೂಕ ಇಳಿಸುವ ಸಿಬುಟ್ರಮಿನ್ 2011ರಲ್ಲಿ. ಪಯೋಗ್ಲಿಟಜೋನ್ ಎಂಬ ಇನ್ನೊಂದು ಶುಗರ್ ಮಾತ್ರೆಯ ಕಥೆ ನಮ್ಮ ಅಂಗಡಿಯವರೆಲ್ಲರಿಗೂ ನೆನಪಿದೆ. 2013ರ ಜೂನಿನಲ್ಲಿ ನಿಲ್ಲಿಸಿ ಅಂದರು, ಜುಲೈ ಕೊನೆಗೆ ಎಚ್ಚರಿಕೆ ಅಚ್ಚು ಹಾಕಿ ಮಾರಿ ಅಂದರು. ನಡುವಿನ ವಾರಗಳಲ್ಲಿ ಜನ ಪೇಪರ್ ತುಂಡು ಹಿಡಿದು ಬಂದು ಕೇಳುತ್ತಿದ್ದರು. ಅವರಿಗೆ ಕೊಡಲು ನಮ್ಮ ಹತ್ತಿರ ಇಲಾಖೆಯ ಒಂದು ಸಾಲು ಕನ್ನಡ ಇರಲಿಲ್ಲ. ಡಾಕ್ಟರನ್ನು ಕೇಳಿ ಎಂದು ಕಳಿಸುವುದಷ್ಟೇ ಆಗುತ್ತಿತ್ತು.

ಅಪಾಯಕಾರಿ ಎಂದು ಗೊತ್ತಾದ ಔಷಧವನ್ನು 24 ಗಂಟೆಯಿಂದ ಹೆಚ್ಚೆಂದರೆ 72 ಗಂಟೆಯ ಒಳಗೆ ಮಾರಾಟದಿಂದ ತೆಗೆಯಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆ ಮಾತು ಕಂಪನಿಯಿಂದ ಡಿಸ್ಟ್ರಿಬ್ಯೂಟರಿಗೆ, ಅವರಿಂದ ನಮಗೆ ಬರುತ್ತದೆ. ನಾವು ರ‍್ಯಾಕಿನಿಂದ ತೆಗೆದು ಪಕ್ಕಕ್ಕಿಡುತ್ತೇವೆ. ಅಲ್ಲಿಗೆ ಎಲ್ಲರ ಕೆಲಸ ಮುಗಿಯಿತು. ನಿನ್ನೆ ಕೊಂಡುಹೋದವರ ಡಬ್ಬಿಯಲ್ಲಿ ಇನ್ನೂ 20 ಮಾತ್ರೆ ಇರುತ್ತದೆ. ಅವರಿಗೆ ಹೇಳುವವರು ಯಾರು? 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತು, ಡ್ರಿಪ್‌ನ ಮೇಲೆ ಅನುಮಾನ ಬಂದಾಗ ಇಡೀ ರಾಜ್ಯ ಬೆಚ್ಚಿಬಿದ್ದಿತ್ತು. ಆಗ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ, ಇದು ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂಬುದು. ಆ ಪ್ರಶ್ನೆಯನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಆದ್ದರಿಂದ ಕೇಳುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಬಿಲ್. ಚೀಟಿಯ ಮೇಲೆ ಮಾರಿದ ಔಷಧದ ಬ್ಯಾಚ್ ನಂಬರ್ ದಾಖಲಾಗಬೇಕು ಎಂಬುದು ಹೊಸ ನಿಯಮವಲ್ಲ. ಅದನ್ನು ಜಾರಿ ಮಾಡಿ. ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೂ ಬಿಲ್ ಮೇಲೆ ಹೆಸರು, ಕಂಪನಿ, ಬ್ಯಾಚ್ ಇರಲಿ. ಬಡವರಿಗೆ ಇಡೀ ಸ್ಟ್ರಿಪ್ ಕೊಳ್ಳುವುದು ಕಷ್ಟ, ಆದ್ದರಿಂದ ಕತ್ತರಿಸುವುದನ್ನೇ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕತ್ತರಿಸುವಾಗ ಬ್ಯಾಚ್ ಇರುವ ತುದಿಯನ್ನು ಕೊನೆಯವರೆಗೂ ಅಂಗಡಿಯಲ್ಲಿ ಉಳಿಸಿಕೊಂಡರೆ, ಬಿಲ್ ಇಲ್ಲದ ಗಿರಾಕಿಗೆ ತಾನು ತಿಂದದ್ದು ಏನೆಂದು ಗೊತ್ತಾಗುವ ದಾರಿಯೇ ಇಲ್ಲ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ದಾರೆ. ಸ್ಟ್ರಿಪ್ ತುಂಡಾದ ಮೇಲೆ ಅದೂ ತುಂಡಾಗುತ್ತದೆ.

ಎರಡನೆಯದು ಕನ್ನಡದ ಫಾರ್ಮ್. ಅದು ಎಲ್ಲೋ ಇದ್ದರೆ ಸಾಲದು. ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ, ಜನೌಷಧಿ ಕೇಂದ್ರಗಳಲ್ಲಿ, ಸರ್ಕಾರಿ ಆಸ್ಪತ್ರೆಗಳ ಔಷಧ ಕೊಡುವ ಕಿಟಕಿಯಲ್ಲಿ, ನಮ್ಮಂಥ ಖಾಸಗಿ ಅಂಗಡಿಗಳಲ್ಲಿ ಕೈಗೆ ಸಿಗಬೇಕು. ಫೋನ್ ಇರುವವರು ಕ್ಯೂಆರ್ ಕೋಡ್ ಬಳಸುತ್ತಾರೆ, ಸರಿ. ನನ್ನ ಕೌಂಟರಿಗೆ ಬರುವ ಅಜ್ಜಂದಿರು, ಅಜ್ಜಿಯರು ಕಾಗದವನ್ನೇ ನಂಬುತ್ತಾರೆ. ತುಂಬಿಸಲು ನಾವು ಸಹಾಯ ಮಾಡುತ್ತೇವೆ. ಹಾಗೆಂದು ಇದನ್ನು ದಂಡ ಹಾಕುವ ವಿಷಯ ಮಾಡಬೇಡಿ. ವರದಿ ಬರೆದ ಅಂಗಡಿಗೇ ಮೊದಲು ಇನ್‌ಸ್ಪೆಕ್ಷನ್ ಬರುತ್ತದೆ ಎಂದಾದರೆ ಯಾರೂ ಬರೆಯುವುದಿಲ್ಲ. ಈ ಭಯ ನಮ್ಮಲ್ಲಿ ಎಷ್ಟಿದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ತಪ್ಪು ಮಾತ್ರೆ ಕೊಟ್ಟವರನ್ನು ಹಿಡಿಯುವುದು ಬೇರೆ, ಅಡ್ಡಪರಿಣಾಮ ಕಂಡದ್ದನ್ನು ತಿಳಿಸುವುದು ಬೇರೆ ಎಂದು ನಿಮ್ಮ ಸುತ್ತೋಲೆಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ಮತ್ತೆ, ಒಂದು ಔಷಧ ಅಥವಾ ಬ್ಯಾಚ್ ವಾಪಸ್ ಹೋದ ದಿನವೇ ಕನ್ನಡದಲ್ಲಿ ಒಂದು ಪುಟದ ಪ್ರಕಟಣೆ ಬರಲಿ. ಕಾನೂನಿನ ಭಾಷೆ ಬೇಡ. ಮಾತ್ರೆಯ ಹೆಸರು, ಮಾರುವ ಬ್ರ್ಯಾಂಡುಗಳು, ಬ್ಯಾಚ್, ಯಾಕೆ ವಾಪಸ್, ನಿಮ್ಮ ಹತ್ತಿರ ಇದ್ದರೆ ಏನು ಮಾಡಬೇಕು, ಒಮ್ಮೆಲೇ ನಿಲ್ಲಿಸಬಹುದಾ ಇಲ್ಲವಾ. ಈ ಕೊನೆಯದಕ್ಕೆ ಉತ್ತರ ಇಲ್ಲದ ಪ್ರಕಟಣೆ ಕೆಡುಕನ್ನೂ ಮಾಡಬಲ್ಲದು. ಕೊಲೆಸ್ಟ್ರಾಲ್ ಮಾತ್ರೆ ಅಪಾಯ ಎಂಬ ಅರ್ಧ ಸುದ್ದಿ ವಾಟ್ಸಾಪಿನಲ್ಲಿ ಓಡಾಡಿ, ಚೆನ್ನಾಗಿದ್ದವರು ಮಾತ್ರೆ ಬಿಟ್ಟು ಹೃದಯಾಘಾತ ತಂದುಕೊಂಡರೆ ಅದೂ ಸಾವೇ. ಆ ಪುಟವನ್ನು ಅಂಗಡಿಯ ಮುಂದೆ ಅಂಟಿಸುವ ಕೆಲಸ ನಮ್ಮದು.

ಇದನ್ನು ಓದುತ್ತಿರುವ ಗಿರಾಕಿಗಳಿಗೂ ಒಂದೆರಡು ಮಾತು. ಹೊಸ ಮಾತ್ರೆ ಯಾವುದೇ ಇರಲಿ, ಕೊಳ್ಳುವಾಗ ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಹೇಳಿ, ಇಲ್ಲ ಹಳೆಯ ಚೀಟಿಯ ಫೋಟೋ ತೋರಿಸಿ. ಸ್ಟಾಟಿನ್ ಮೇಲಿದ್ದು, ಕಾರಣವೇ ಇಲ್ಲದೆ ಎರಡೂ ತೊಡೆ ಅಥವಾ ಹೆಗಲು ಒಟ್ಟಿಗೆ ನೋಯಲು ಶುರುವಾದರೆ ಡಾಕ್ಟರಿಗೆ ಹೇಳಿ. ಮೂತ್ರ ಕಪ್ಪಾದರೆ ಅಂದೇ ಹೋಗಿ, ಭಾನುವಾರವಾದರೂ ಹೋಗಿ. ಬಿಲ್ ಕೇಳಿ ತಗೊಳ್ಳಿ. ಮತ್ತೆ 1800-180-3024 ಅನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಮಾನ್ಯರೇ, ನಿಮ್ಮ ಡ್ರಗ್ಸ್ ಇನ್‌ಸ್ಪೆಕ್ಟರ್ ನಮ್ಮ ಅಂಗಡಿಗಳಿಗೆ ಬಂದಾಗ ಲೈಸೆನ್ಸ್ ನೋಡುತ್ತಾರೆ, ಫ್ರಿಡ್ಜಿನ ಉಷ್ಣಾಂಶ ನೋಡುತ್ತಾರೆ, ಅವಧಿ ಮುಗಿದ ಮಾತ್ರೆಗಳನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತಾರೆ. ಎಲ್ಲವೂ ಬೇಕಾದದ್ದೇ. ಮುಂದಿನ ಸಲದಿಂದ ಇನ್ನೂ ಒಂದು ಪ್ರಶ್ನೆ ಕೇಳಲು ಅವರಿಗೆ ಹೇಳಿ: ಅಡ್ಡಪರಿಣಾಮದ ಫಾರ್ಮ್ ಎಲ್ಲಿದೆ, ಹೋದ ಸಲ ಬಂದು ಹೋದ ಮೇಲೆ ಎಷ್ಟು ಬರೆದು ಕಳಿಸಿದ್ದೀರಿ? ತುಂಬಿದ ಫಾರ್ಮ್‌ಗಳನ್ನು ಅವರೇ ಕೈಯಾರೆ ತಗೊಂಡು ಹೋಗಲಿ. ನಮ್ಮ ಅಂಗಡಿಯಿಂದ ಇದನ್ನು ಶುರು ಮಾಡಿದರೂ ಸಂತೋಷವೇ.

ಇಂತಿ,
ಬಸವನಗುಡಿಯ ಒಬ್ಬ ಫಾರ್ಮಸಿಸ್ಟ್